ಗಾಲಿಯ ಕೆಳಗಿನ ನಿಂಬೆಹಣ್ಣು

ಆ ನಿಂಬೆಹಣ್ಣನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹಾವೇರಿಯ ಕಚೇರಿಯಲ್ಲಿ ಆಯುಧ ಪೂಜೆ ಮುಗಿಸಿಕೊಂಡು ರಾಣೆಬೆನ್ನೂರಿಗೆ ಬಂದರೆ ಮನೆಯಲ್ಲೂ ಪೂಜೆ ಆಗಿತ್ತು. ಅಂಗಳದಲ್ಲಿ ಅಪ್ಪನ ಸ್ಕೂಟರು, ಅದರ ಪಕ್ಕ ಮಣೆಯ ಮೇಲೆ ನನ್ನ ವಿಮಾನ. ಪ್ಲಾಸ್ಟಿಕ್ ತುಂಡುಗಳನ್ನು ಒಂದೊಂದಾಗಿ ಅಂಟಿಸಿ, ಇಂಟರ್ನೆಟ್ ಸೆಂಟರಿನಲ್ಲಿ ನಿಜವಾದ ವಿಮಾನದ ಚಿತ್ರ ನೋಡಿ ಬೂದುಬಣ್ಣ ಹೊಂದಿಸಿ, ತಿಂಗಳುಗಟ್ಟಲೆ ಕುಳಿತು ಮಾಡಿದ ಗೇಣುದ್ದದ ಯುದ್ಧವಿಮಾನ. ಈಗ ಅದರ ರೆಕ್ಕೆಗಳ ತುಂಬ ಒದ್ದೆ ವಿಭೂತಿಯ ಪಟ್ಟೆ, ಮೂತಿಗೆ ಕುಂಕುಮ. ಗಾಲಿಗಿಂತ ದೊಡ್ಡ ನಿಂಬೆಹಣ್ಣನ್ನು ಗಾಲಿಯ ಕೆಳಗಿಟ್ಟು ಒತ್ತಿದ್ದರಿಂದ ವಿಮಾನದ ಗಾಲಿ ಹೊತ್ತ ಕಾಲುಗಳು ಮುರಿದು ಬಿದ್ದಿದ್ದವು.

“ಯವ್ವಾ, ಇದನ್ಯಾಕ ಮುಟ್ಟಿದಿ? ಬಣ್ಣ ಹಾಳಾತು, ಕಾಲು ಮುರದ್ವು,” ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ.

“ಆಟಿಗಿ ಸಾಮಾನಿಗೆ ಯಾಕಿಷ್ಟು ಒದರ್ತಿ?” ಎಂದ ಅಪ್ಪ.

ಅವ್ವ ಅವನ ಕಡೆ ತಿರುಗಿದಳು. “ಆಟಿಗಿ ಸಾಮಾನಲ್ರಿ ಅದು, ವಿಮಾನ. ನಿಮ್ಮ ಗಾಡಿಗೆ ಪೂಜಿ ಮಾಡಿ ಅದಕ್ಕ ಬಿಡಾಕ ಬರತೈತೇನ್ರಿ?”

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಅದನ್ನು ವಿಮಾನ ಎಂದವಳು ಅವಳೊಬ್ಬಳೇ. ಅದರ ಕಾಲು ಮುರಿದವಳೂ ಅವಳೇ. ಆ ಸಿಟ್ಟನ್ನು ನಾನು ಯಾರ ಮೇಲೆ ತೀರಿಸಿಕೊಳ್ಳಬೇಕಿತ್ತು?