ಬಿಡಿಸಿ ಬರೆಯುವ ಲೀಲಾ

ಲೀಲಾ ಏನು ಬರೆದರೂ ಬಿಡಿಸಿ ಬರೆಯುವವಳು. ತರಕಾರಿ ತರಲು ಹೊರಟ ಗಂಡನ ಕೈಗೆ ಚೀಟಿ ಕೊಟ್ಟರೆ ಅದರಲ್ಲಿ ಬರೀ ಕೊತ್ತಂಬರಿ ಎಂದಿರುತ್ತಿರಲಿಲ್ಲ. ‘ಕೊತ್ತಂಬರಿ ಸೊಪ್ಪು, ಬೀಜ ಅಲ್ಲ, ಬೇರು ಸಮೇತ ಸಿಕ್ಕರೆ ಒಳ್ಳೆಯದು’ ಎಂದಿರುತ್ತಿತ್ತು. ಓದಿದ ವಿಶ್ವನಾಥ್ ನಗುತ್ತಿದ್ದ. ನಕ್ಕರೂ ಅವನು ಒಂದು ದಿನವೂ ತಪ್ಪು ತಂದವನಲ್ಲ.

ಅವನ ಬ್ಯಾಂಕಿನವರು ನೈರೋಬಿಗೆ ಪೋಸ್ಟಿಂಗ್ ಕೊಟ್ಟಾಗ ಲೀಲಾ ಬೆಂಗಳೂರಿನ ಕೆಲಸ ಬಿಟ್ಟು ಜೊತೆಗೆ ಬಂದಳು. ಮೊದಲ ವರ್ಷ ಕಿಲೆಲೆಶ್ವಾದ ಫ್ಲ್ಯಾಟಿನಲ್ಲಿ ಪರದೆ ಹೊಲಿದು, ಮಗಳು ಪ್ರಗತಿಯನ್ನು ಶಾಲೆಗೆ ಹೊಂದಿಸಿ, ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನದ ಭಜನೆಗೆ ಹೋಗಿ ಬಂದು ಕಳೆದಳು. ಎರಡನೆಯ ವರ್ಷ ಸುಮ್ಮನೆ ಕೂರಲಾಗಲಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಹಿಡಿದಳು. ಹಾಲು ಸಂಗ್ರಹಿಸುವ ಕೇಂದ್ರಗಳ ಶೀತಲ ತೊಟ್ಟಿಗಳಿಗೆ ತಾಪ ತೋರಿಸುವ ಪೆಟ್ಟಿಗೆಗಳನ್ನು ಆ ಕಂಪನಿ ಮಾಡುತ್ತಿತ್ತು. ಪೆಟ್ಟಿಗೆಯೊಳಗಿನ ಚಿಪ್‌ನ ಜೊತೆ ಮಾತಾಡುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು, ಅದನ್ನು ಬರೆಯುವುದೇ ಲೀಲಾಳ ಕೆಲಸ. ಫ್ಲ್ಯಾಟಿನ ಗೇಟು ಕಾಯುವ ಅಸ್ಕಾರಿ ವಿಚಾರಿಸಿದಾಗ “ಡ್ರೈವರ್ ಕೆಲಸ” ಎಂದುಬಿಟ್ಟಿದ್ದಳು. ಯಾವ ರೂಟಿನ ಮಟಾಟು ವ್ಯಾನು ಎಂದು ಅವನು ಬಹಳ ಗೌರವದಿಂದ ಕೇಳಿದ್ದ.

ಅವಳ ಕೋಡ್ ಕೂಡ ಅವಳ ಚೀಟಿಗಳಂತೆಯೇ ಇತ್ತು. ಮೊದಲು ಈ ತಂತಿಯನ್ನು ಎಚ್ಚರಿಸು, ಆಮೇಲೆ ಸ್ವಲ್ಪ ಕಾಯಿ, ಆಮೇಲೆ ಓದು, ಓದಿದ್ದನ್ನು ಇಲ್ಲಿ ಇಡು. ಒಂದು ಸಾಲಿಗೆ ಒಂದೇ ಕೆಲಸ. ಆ ಕೋಡನ್ನು ಮೊದಲ ಸಲ ನೋಡಿದವರಿಗೂ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿಯುತ್ತಿತ್ತು. ಪೆಟ್ಟಿಗೆಗಳನ್ನು ಊರೂರಿಗೆ ಒಯ್ದು ಕೂರಿಸುತ್ತಿದ್ದ ಎಂಜಿನಿಯರ್ ಮುಥೋನಿ ಇಲ್ಲಿಯ ರೂಢಿಯಂತೆ ಅವಳನ್ನು ಮಗಳ ಹೆಸರು ಸೇರಿಸಿ ‘ಮಾಮಾ’, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು. “ಮಾಮಾ ಪ್ರಗತಿ, ನಿಮ್ಮ ಕೋಡ್ ಓದಿದರೆ ನಮ್ಮಜ್ಜಿ ದಾರಿ ಹೇಳಿದ ಹಾಗಿರುತ್ತೆ” ಎನ್ನುತ್ತಿದ್ದಳು. ಲೀಲಾ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಯಶವಂತ್ ಬಂದ. ಬೆಂಗಳೂರಿನವನು, ಇನ್ನೂ ಮೂವತ್ತಾಗಿರಲಿಲ್ಲ, ಕೈ ಬಹಳ ಚುರುಕು. ಬಂದ ವಾರದಲ್ಲೇ ದೊಡ್ಡ ಡೇರಿಗಳಿಗೆಂದು ಮಾಡಿದ ಎಂಟು ತೊಟ್ಟಿಗಳ ಪೆಟ್ಟಿಗೆಯಲ್ಲಿ ಒಂದು ತಪ್ಪು ಹಿಡಿದ. ಏಳನೆಯ ತೊಟ್ಟಿಯ ತಾಪವೆಂದು ತೋರಿಸುತ್ತಿದ್ದದ್ದು ಯಾವಾಗಲೂ ಆರನೆಯದರದ್ದು. ಲೀಲಾ ಒಂದು ತೊಟ್ಟಿಗೆ ಬರೆದ ಸಾಲುಗಳನ್ನೇ ಎಂಟು ಸಲ ನಕಲು ಮಾಡಿ ಪ್ರತಿ ಸಲ ಅಂಕಿ ಬದಲಿಸಿದ್ದಳು, ಒಂದು ಕಡೆ ಬದಲಿಸಲು ಮರೆತಿದ್ದಳು.

“ನಿಮ್ಮ ತಪ್ಪಲ್ಲ ಮೇಡಂ” ಎಂದ ಯಶವಂತ್, ಮೆತ್ತಗೆ. “ಒಂದೇ ವಿಷಯ ಎಂಟು ಸಲ ಬರೆದ್ರೆ ಯಾರಿಗಾದ್ರೂ ಕೈ ತಪ್ಪುತ್ತೆ. ಇದನ್ನೆಲ್ಲ ಮ್ಯಾಕ್ರೋ ಮಾಡಿಬಿಡೋಣ. ಒಂದೇ ಕಡೆ ಬರೆಯೋದು, ಹೆಸರು ಹೇಳಿದ ಕಡೆಯೆಲ್ಲ ಅದೇ ಬಂದು ಕೂತ್ಕೊಳ್ಳುತ್ತೆ.”

“ಮಾಡಿ” ಎಂದಳು ಲೀಲಾ. ಮನಸ್ಸಿಗೆ ಚುಚ್ಚಿದಂತಾಗಿತ್ತು, ಆದರೆ ತಪ್ಪು ಅವಳದೇ. “ಒಳಗೆ ಏನು ನಡೀತಿದೆ ಅನ್ನೋದು ಕಾಣೋ ಹಾಗೆ ಬಿಡಿಸಿ ಬರೀರಿ, ಅಷ್ಟೇ.”

ಮ್ಯಾಕ್ರೋ ಅವಳಿಗೆ ಹೊಸದಲ್ಲ. ಮೈಸೂರಿನಲ್ಲಿ ಅವಳ ತಂದೆ ತಂತಿ ಕಚೇರಿಯಲ್ಲಿದ್ದರು. ಆಗ ಶುಭಾಶಯದ ತಂತಿಗಳಿಗೆ ನಂಬರುಗಳಿದ್ದವು, ಮದುವೆಗೊಂದು, ಹಬ್ಬಕ್ಕೊಂದು. ಕಳಿಸುವವರು ನಂಬರು ಹೇಳಿದರೆ ಸಾಕು, ತಲುಪಿದ ಕಡೆ ಪೂರ್ತಿ ವಾಕ್ಯವೇ ಸಿಗುತ್ತಿತ್ತು. ಮ್ಯಾಕ್ರೋ ಮಾಡುವುದೂ ಅಷ್ಟೇ. ನಾವು ಒಂದು ಗಿಡ್ಡ ಹೆಸರು ಬರೆದರೆ, ಯಂತ್ರದ ಭಾಷೆಗೆ ಇಳಿಸುವ ಮುನ್ನ ಕಂಪೈಲರ್ ಆ ಹೆಸರಿನ ಜಾಗದಲ್ಲಿ ಉದ್ದದ ಸಾಲನ್ನು ಇದ್ದ ಹಾಗೇ ಅಂಟಿಸುತ್ತದೆ. ಅರ್ಥ ಮಾಡಿಕೊಳ್ಳುವ ಗೋಜಿಗೆ ಅದು ಹೋಗುವುದಿಲ್ಲ.

ಯಶವಂತ್ ಕೆಲಸ ಮುಗಿಸಿ ತೋರಿಸಿದಾಗ ಪುಟಗಟ್ಟಲೆ ಇದ್ದ ಡ್ರೈವರ್ ಕಂಪ್ಯೂಟರಿನ ಒಂದು ಪರದೆಯೊಳಗೆ ಹಿಡಿಸಿತ್ತು. ಕಂಪನಿಯ ಮಾಲೀಕರಿಗೆ ಖುಷಿಯಾಯಿತು. ಐಸ್ ಹಾಕಿದ ಬಕೆಟ್ಟಿನಲ್ಲಿ ಅಳತೆಯ ಕಡ್ಡಿ ಮುಳುಗಿಸಿ ಪರೀಕ್ಷೆ ಮಾಡಿದರು, ಎಲ್ಲ ಸರಿಯಾಗಿತ್ತು. ಲೀಲಾ ಆ ಪರದೆಯನ್ನು ಎರಡು ಸಲ ಓದಿದಳು. ಹೆಸರುಗಳು ಕಂಡವು, ಒಳಗಿನ ನಡೆ ಕಾಣಲಿಲ್ಲ. ವಯಸ್ಸಾಯಿತೇನೋ ಎಂದುಕೊಂಡು ಸುಮ್ಮನಾದಳು.

ಜುಲೈ ತಿಂಗಳ ಚಳಿಯಲ್ಲಿ ಹೊಸ ಡ್ರೈವರಿನ ಪೆಟ್ಟಿಗೆ ಹಾಕಿದ್ದ ಲಿಮುರು ಕಡೆಯ ಒಂದು ಹಾಲಿನ ಕೇಂದ್ರದಿಂದ ದೂರು ಬಂತು. ಹಾಲು ಹದಿನಾಲ್ಕು ಡಿಗ್ರಿ, ಕೋಣೆ ನಾಲ್ಕು ಡಿಗ್ರಿ ಎಂದು ಪೆಟ್ಟಿಗೆ ತೋರಿಸುತ್ತಿದೆ. ಹಾಲು ಕೆಟ್ಟೀತೆಂದು ಹೆದರಿ ಮ್ಯಾನೇಜರ್ ಕಮಾವು ಶೀತಲ ಯಂತ್ರದ ಮೆಕ್ಯಾನಿಕ್ಕನ್ನು ಕರೆಸಿದ್ದರು. ಯಂತ್ರದಲ್ಲಿ ಏನೂ ತೊಂದರೆ ಇರಲಿಲ್ಲ. ಪೆಟ್ಟಿಗೆ ಆರಿಸಿ ಹಾಕಿದರೆ ಸರಿಯಾಗುತ್ತಿತ್ತು, ಮತ್ತೆ ಯಾವಾಗಲೋ ಕೆಡುತ್ತಿತ್ತು. ಮುಥೋನಿ ಹೋಗಿ ಪೆಟ್ಟಿಗೆಯನ್ನೇ ಬದಲಿಸಿ ಬಂದಳು. ಹೊಸದೂ ಹಾಗೇ ಮಾಡಿತು. ಇದನ್ನು ಕಿತ್ತುಕೊಂಡು ಹೋಗಿ, ನಮಗೆ ನಮ್ಮ ಹಳೆಯ ಗಾಜಿನ ಥರ್ಮಾಮೀಟರೇ ಸಾಕು ಎಂದು ಕಮಾವು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು.

ಯಶವಂತ್ ಕೋಡನ್ನು ಮತ್ತೆ ಮತ್ತೆ ನೋಡಿದ. “ವೈರಿಂಗಲ್ಲೇ ಏನೋ ಇರಬೇಕು ಮೇಡಂ. ಹಾಲು ಚೆಲ್ಲಿ ಕನೆಕ್ಟರ್ ಒದ್ದೆ ಆಗ್ತಿರಬಹುದು.”

“ಇರಬಹುದು. ನಾನೊಂದ್ಸಲ ಹೋಗಿ ಕಣ್ಣಾರೆ ನೋಡ್ಕೊಂಡು ಬರ್ತೀನಿ.”

ಮರುದಿನ ಮುಂಜಾನೆ ಮುಥೋನಿಯ ಪಿಕಪ್ಪಿನಲ್ಲಿ ಲೀಲಾ, ಮುಥೋನಿ ಇಬ್ಬರೂ ಹೊರಟರು. ವೈಯಾಕಿ ವೇ ಹೆದ್ದಾರಿ ದಾಟಿ ಏರು ಹತ್ತಿದಂತೆ ಮಂಜು ದಟ್ಟವಾಯಿತು, ರಸ್ತೆಯ ಎರಡೂ ಕಡೆ ಚಹಾ ತೋಟಗಳು ಬೂದುಬಣ್ಣಕ್ಕೆ ತಿರುಗಿದ್ದವು. ಕೇಂದ್ರದಲ್ಲಿ ಕಮಾವು ಬಿರುಸಾಗಿ ಮಾತಾಡಿಸಿದರೂ ಮೊದಲು ಚಹಾ, ಎಣ್ಣೆಯಲ್ಲಿ ಕರಿದ ಮಂಡಾಜಿ ತರಿಸಿದರು. ಲೀಲಾ ಸ್ವೆಟರಿನೊಳಗೆ ಕೈ ಹುದುಗಿಸಿಕೊಂಡು ತೊಟ್ಟಿಯ ಪಕ್ಕದ ಸ್ಟೂಲಿನಲ್ಲಿ ಕೂತಳು. ಹಾಲು ನಾಲ್ಕು, ಕೋಣೆ ಹದಿನಾಲ್ಕು. ಬಹಳ ಹೊತ್ತು ಅಂಕಿಗಳು ಅಲುಗಲಿಲ್ಲ.

ಅಷ್ಟರಲ್ಲಿ ರೈತರು ಬರತೊಡಗಿದರು, ಸೈಕಲ್ಲಿನಲ್ಲಿ, ಬೈಕಿನಲ್ಲಿ, ಕತ್ತೆಗಾಡಿಯಲ್ಲಿ. ಕ್ಯಾನುಗಳಿಂದ ಹಸುವಿನ ಮೈಬಿಸಿ ಆರದ ಹಾಲು ತೊಟ್ಟಿಗೆ ಬಿದ್ದಂತೆ ತಾಪ ಏರಿತು. ಐದು, ಏಳು, ಒಂಬತ್ತು. ಹತ್ತು ದಾಟುತ್ತಿದ್ದಂತೆ ಎರಡು ಅಂಕಿಗಳೂ ಜಾಗ ಬದಲಿಸಿಕೊಂಡವು. ಹಾಲಿನ ಎದುರು ಕೋಣೆಯದು, ಕೋಣೆಯ ಎದುರು ಹಾಲಿನದು. ಲೀಲಾ ಬಗ್ಗಿ ಕನೆಕ್ಟರ್ ಮುಟ್ಟಿ ನೋಡಿದಳು. ಒಣಗಿತ್ತು.

“ನೋಡಿದ್ಯಾ ಮುಥೋನಿ? ಮಿತಿ ಹತ್ತು ಅಲ್ವಾ?”

“ಹೌದು ಮಾಮಾ. ಅದಕ್ಕಿಂತ ಮೇಲೆ ಹೋದರೆ ದಿನದ ಅತಿ ಹೆಚ್ಚು ತಾಪ ಅಂತ ಬರೆದಿಟ್ಟುಕೊಳ್ಳುತ್ತೆ.”

“ಹಾಗಾದ್ರೆ ಇದು ವೈರಿಂಗ್ ಅಲ್ಲ. ಮಿತಿ ಎಷ್ಟು ಅಂತ ತಂತಿಗೆ ಗೊತ್ತಿರಲ್ಲ, ಕೋಡಿಗೆ ಗೊತ್ತಿರುತ್ತೆ.”

ಆಫೀಸಿಗೆ ಮರಳಿದ ಲೀಲಾ ಒಂದೇ ಕೆಲಸ ಮಾಡಿದಳು. ಮ್ಯಾಕ್ರೋಗಳನ್ನೆಲ್ಲ ಅಂಟಿಸಿಯಾದ ಮೇಲೆ ಕೋಡ್ ಹೇಗಿರುತ್ತದೆಂದು ತೋರಿಸು ಎಂದರೆ ಕಂಪೈಲರ್ ತೋರಿಸುತ್ತದೆ. ಅದನ್ನು ಅಚ್ಚು ಹಾಕಿಸಿ, ಪೆನ್ಸಿಲ್ ಹಿಡಿದು, ಕಿಟಕಿಯ ಪಕ್ಕ ಕೂತು ಒಂದೊಂದೇ ಸಾಲು ಓದಿದಳು. ನೋಡಲು ಅಂದವಿರಲಿಲ್ಲ, ಆವರಣಗಳೊಳಗೆ ಆವರಣಗಳು. ಆದರೆ ಮುಚ್ಚಿಟ್ಟದ್ದು ಏನೂ ಇರಲಿಲ್ಲ.

ಎರಡರಲ್ಲಿ ದೊಡ್ಡದನ್ನು ಕೊಡುವ ಮ್ಯಾಕ್ರೋ ಒಂದಿತ್ತು. ಗಿಡ್ಡ ಹೆಸರಿನಲ್ಲಿ ನೋಡಿದರೆ ‘ಚಿಪ್‌ನಿಂದ ಓದಿದ್ದು, ಮಿತಿ, ಇವೆರಡರಲ್ಲಿ ದೊಡ್ಡದು’ ಎಂದಷ್ಟೇ. ಬಿಡಿಸಿದಾಗ ಹೀಗಾಗಿತ್ತು: ಚಿಪ್‌ನಿಂದ ಓದಿದ್ದು ಮಿತಿಗಿಂತ ದೊಡ್ಡದೇ? ಹೌದಾದರೆ ಚಿಪ್‌ನಿಂದ ಓದಿದ್ದನ್ನು ಕೊಡು, ಇಲ್ಲವಾದರೆ ಮಿತಿಯನ್ನು ಕೊಡು. ‘ಚಿಪ್‌ನಿಂದ ಓದು’ ಎಂಬುದು ಎರಡು ಸಲ ಬಂದಿತ್ತು. ಆ ಚಿಪ್ ಆಸ್ಪತ್ರೆಯ ಟೋಕನ್ ಯಂತ್ರದಂಥದ್ದು. ಒಮ್ಮೆ ಎಳೆದರೆ ಹಾಲಿನದು, ಇನ್ನೊಮ್ಮೆ ಎಳೆದರೆ ಕೋಣೆಯದು, ಎಳೆದದ್ದು ವಾಪಸ್ ಒಳಗೆ ಹೋಗುವುದಿಲ್ಲ. ಹಾಲು ತಣ್ಣಗಿರುವ ತನಕ ಒಂದೇ ಸಲ ಎಳೆದು ಮುಗಿಯುತ್ತಿತ್ತು. ಮಿತಿ ದಾಟಿದ ಕೂಡಲೇ ಇನ್ನೊಂದು ಟೋಕನ್ ಎಳೆದುಕೊಂಡು, ಅಲ್ಲಿಂದ ಮುಂದೆ ಸರದಿಯೇ ತಪ್ಪುತ್ತಿತ್ತು. ಐಸಿನ ಬಕೆಟ್ಟಿನಲ್ಲಿ ಇದು ಸಿಗಲು ಸಾಧ್ಯವೇ ಇರಲಿಲ್ಲ.

ಲೀಲಾ ಪೆನ್ಸಿಲ್ ಕೆಳಗಿಟ್ಟಳು. ಒಳಗೊಳಗೇ ಖುಷಿಯಾದದ್ದು ನಿಜ. ತಾನು ಹೇಳಿದ್ದೇ ಸರಿಯಾಯಿತಲ್ಲ ಎಂಬ ಖುಷಿಯೂ ಅದರಲ್ಲಿ ಸ್ವಲ್ಪ ಬೆರೆತಿತ್ತು. ಅದು ಇಳಿಯುವ ತನಕ ಕಿಟಕಿಯ ಹೊರಗೆ ನೋಡುತ್ತಾ ಕೂತು, ಆಮೇಲೆ ಎದ್ದು ಹೋದಳು.

“ಯಶವಂತ್, ಬಿಡುವಿದೆಯಾ? ಹೊರಗೆ ಟೀ ಕುಡಿಯೋಣ ಬನ್ನಿ.”

ಗೇಟಿನ ಎದುರಿನ ತಗಡಿನ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತರು. ಅವಳು ಕಾಗದವನ್ನು ಅವನ ಮುಂದಿಟ್ಟಳು. ಅವನು ಓದಿದ. ಕಿವಿ ಕೆಂಪಾದವು.

“ಎರಡು ಸಲ ಓದ್ತಿದೆ.”

“ಹೂಂ.”

“ಇದು ಕಾಲೇಜಲ್ಲೇ ಹೇಳಿಕೊಡೋ ತಪ್ಪು ಮೇಡಂ. ಬೆಂಗಳೂರಲ್ಲಿ ಇಂಟರ್‌ವ್ಯೂಗೆ ಬಂದವರಿಗೆ ನಾನೇ ಈ ಪ್ರಶ್ನೆ ಕೇಳ್ತಿದ್ದೆ.” ಅವನು ಲೋಟವನ್ನು ತಿರುಗಿಸುತ್ತಾ ಕೂತ. “ನೀವು ಹೇಳಿದ್ರಿ, ಬಿಡಿಸಿ ಬರೀರಿ ಅಂತ.”

“ಬಿಡಿಸಿ ಬರೆದ ನನ್ನ ಏಳನೇ ತೊಟ್ಟಿ ಏನಾಗಿತ್ತು, ನೆನಪಿದೆಯಾ?”

ಅವನು ತಲೆ ಎತ್ತಿ ನೋಡಿದ. ಅವಳು ನಗುತ್ತಿದ್ದಳು. ಅವನಿಗೂ ನಗು ಬಂತು.

“ನನ್ನ ಹಾಗೆ ನಕಲು ಮಾಡಿದ್ರೆ ಒಂದು ಥರ ತಪ್ಪು, ನಿಮ್ಮ ಹಾಗೆ ಮುಚ್ಚಿದ್ರೆ ಇನ್ನೊಂದು ಥರ. ಇಬ್ಬರೂ ಕೂತು ಬರೆಯೋಣ.”

“ಮಾಲೀಕರಿಗೆ?”

“ಹೇಳ್ಬೇಕಲ್ಲ.”

“ನಾನೇ ಹೇಳ್ತೀನಿ” ಎಂದ ಯಶವಂತ್. ಸಂಜೆಯೊಳಗೆ ಹೇಳಿಯೂ ಬಂದ. ಬೈಗುಳ ಬೀಳಲಿಲ್ಲ. ಲಿಮುರಿನವರು ಪೆಟ್ಟಿಗೆ ವಾಪಸ್ ಕೊಡದ ಹಾಗೆ ನೋಡಿಕೊಳ್ಳಿ ಎಂದಷ್ಟೇ ಮಾಲೀಕರು ಹೇಳಿದರಂತೆ.

ಆ ವಾರ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಡ್ರೈವರನ್ನು ಹೊಸದಾಗಿ ಬರೆದರು. ಚಿಪ್‌ನ ವಿಳಾಸಗಳು, ಮಿತಿಗಳು, ಇವುಗಳ ಹೆಸರುಗಳೆಲ್ಲ ಮ್ಯಾಕ್ರೋಗಳಾಗಿಯೇ ಉಳಿದವು. ಬರಿಯ ಅಂಕಿಗಳಿಗಿಂತ ಹೆಸರುಗಳು ಒಳ್ಳೆಯವೆಂದು ಲೀಲಾ ಒಪ್ಪಿದಳು. ಏನಾದರೂ ಕೆಲಸ ಮಾಡುವಂಥದ್ದೆಲ್ಲ ಸಣ್ಣ ಸಣ್ಣ ಫಂಕ್ಷನ್‌ಗಳಾದವು. ಮ್ಯಾಕ್ರೋದಂತಲ್ಲದೆ ಫಂಕ್ಷನ್ ತಾಪದ ಅಂಕಿಯನ್ನು ಒಂದೇ ಸಲ ಓದಿ ಕೈಯಲ್ಲಿ ಹಿಡಿದುಕೊಂಡು ಆಮೇಲೆ ಹೋಲಿಸುತ್ತದೆ. ಎಂಟು ತೊಟ್ಟಿಗಳಿಗೆ ಎಂಟು ನಕಲಿನ ಬದಲು ಒಂದೇ ಪಟ್ಟಿ, ಅದರ ಮೇಲೆ ಸುತ್ತುವ ಒಂದೇ ಲೂಪ್. ವೇಗ ಕಡಿಮೆಯಾದೀತೆಂದು ಯಶವಂತ್ ಹೆದರಿದ್ದ. ಅಳೆದು ನೋಡಿದರೆ ವ್ಯತ್ಯಾಸವೇ ಸಿಗಲಿಲ್ಲ, ಸಣ್ಣ ಫಂಕ್ಷನ್‌ಗಳನ್ನು ಕಂಪೈಲರ್ ತಾನೇ ಜಾಣತನದಿಂದ ಒಳಗೆ ಸೇರಿಸಿಕೊಂಡಿತ್ತು. ಕೆಲವು ಕಡೆ ವಾದ ನಡೆಯಿತು. ಒಂದೆರಡು ಕಡೆ ಅವನು ಸೋತ, ಒಂದು ಕಡೆ ಅವಳು ಹಟ ಹಿಡಿದು ಆಮೇಲೆ ಬಿಟ್ಟಳು. ಮೇಡಂ ಎನ್ನುತ್ತಿದ್ದವನು ಆ ವಾರದ ಕೊನೆಗೆ ಅಕ್ಕ ಎನ್ನತೊಡಗಿದ್ದ. ಅವಳೂ ‘ನೀವು’ ಬಿಟ್ಟು ‘ನೀನು’ ಹಿಡಿದಿದ್ದಳು.

ಈ ಸಲ ಪರೀಕ್ಷೆಗೆ ಐಸ್ ಬಕೆಟ್ಟಿನ ಪಕ್ಕ ಬಿಸಿನೀರಿನ ಬಕೆಟ್ಟೂ ಬಂತು. ಆಮೇಲೆ ಮುಥೋನಿಯೂ ಸೇರಿ ಮೂವರೂ ಲಿಮುರಿಗೆ ಹೋದರು. ರೈತರು ಬಂದರು, ಬಿಸಿ ಹಾಲು ಬಿತ್ತು, ತಾಪ ಹತ್ತನ್ನು ದಾಟಿತು. ಯಶವಂತ್ ಪೆಟ್ಟಿಗೆಗೆ ಮುಖ ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಅಂಕಿಗಳು ತಮ್ಮ ತಮ್ಮ ಜಾಗದಲ್ಲೇ ನಿಂತವು, ಹಾಲಿನದು ಸ್ವಲ್ಪ ಹೊತ್ತು ಮೇಲಿದ್ದು ಮೆಲ್ಲಗೆ ಇಳಿಯಿತು. ಕಮಾವು ತಮ್ಮ ಗಾಜಿನ ಥರ್ಮಾಮೀಟರನ್ನು ತೊಟ್ಟಿಗಿಳಿಸಿ, ಎತ್ತಿ, ಕಣ್ಣು ಕಿರಿದುಮಾಡಿ ಓದಿ, ಪೆಟ್ಟಿಗೆಯ ಕಡೆ ನೋಡಿದರು.

“ಸವಾ” ಎಂದರು. ಸರಿ, ಅಷ್ಟೇ. ಹೊರಡುವಾಗ ಮಾತ್ರ ಒಂದು ಸಣ್ಣ ಕ್ಯಾನ್ ತುಂಬ ಹಾಲನ್ನು ಪಿಕಪ್ಪಿನಲ್ಲಿ ಇಡಿಸಿದರು.

“ಅಸಾಂಟೆ” ಎಂದು ತುಂಬುಮನಸ್ಸಿನಿಂದ ಧನ್ಯವಾದ ಹೇಳಿದಳು ಲೀಲಾ.

ಆ ಹಾಲನ್ನು ಕಾಯಿಸಿ ಹೆಪ್ಪು ಹಾಕಿದಳು. ಜುಲೈ ಚಳಿಗೆ ಮೊಸರು ಕೂರುವುದು ಕಷ್ಟ, ಪಾತ್ರೆಗೆ ವಿಶ್ವನಾಥನ ಉಣ್ಣೆಯ ಶಾಲು ಹೊದಿಸಿ ಬೀರುವಿನೊಳಗಿಟ್ಟಳು. ಭಾನುವಾರ ಮಧ್ಯಾಹ್ನ ಯಶವಂತ್, ಮುಥೋನಿ ಇಬ್ಬರೂ ಊಟಕ್ಕೆ ಬಂದರು. ಮೊಸರು ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಹೆಪ್ಪಾಗಿತ್ತು. ಮುಥೋನಿ ಮೊಸರನ್ನಕ್ಕೆ ಸಕ್ಕರೆ ಕೇಳಿದಾಗ ಪ್ರಗತಿ ಇಂಗ್ಲಿಷಿನಲ್ಲಿ ಅವಳಿಗೆ ದೀರ್ಘವಾಗಿ ಬುದ್ಧಿ ಹೇಳಿ ಉಪ್ಪಿನಕಾಯಿ ಬಡಿಸಿದಳು.

ಯಶವಂತ್ ಎರಡು ವರ್ಷದ ಮೇಲೆ ಬೆಂಗಳೂರಿಗೆ ಮರಳಿದ. ವಿಶ್ವನಾಥನಿಗೂ ಮರಳುವ ಅವಕಾಶ ಬಂದಿತ್ತು, ಮನೆಯಲ್ಲಿ ಮಾತುಕತೆಯಾಗಿ, ಪ್ರಗತಿಯ ಶಾಲೆ ಮುಗಿಯಲಿ ಎಂದು ಇಲ್ಲೇ ಉಳಿದರು. ಯಶವಂತನ ಮೇಜಿಗೆ ಮುಥೋನಿ ಬಂದಳು. ಊರೂರು ತಿರುಗುವುದು ಸಾಕಾಗಿ, ಲೀಲಾಳ ಬಳಿ ಕಲಿತು, ಈಗ ಅವಳೇ ಡ್ರೈವರ್ ಬರೆಯುತ್ತಾಳೆ. ಒಂದು ಮಧ್ಯಾಹ್ನ ಅವಳ ಹೊಸ ಕೋಡನ್ನು ಓದುತ್ತಿದ್ದ ಲೀಲಾ, ಒಂದೇ ಸಾಲಿನ ಕೆಲಸಕ್ಕೆ ಮುಥೋನಿ ಏಳು ಸಾಲು ವಿವರಣೆ ಬರೆದದ್ದನ್ನು ಕಂಡಳು.

“ಇಷ್ಟುದ್ದ ಯಾಕೆ ಮುಥೋನಿ?” ಎಂದು ಕೇಳಿದಳು.

“ನಮ್ಮಲ್ಲಿ ಕೆಲಸಕ್ಕೆ ಸೇರುವ ಹೊಸಬರಿಗೆ ಅರ್ಥ ಆಗಬೇಡವೇ ಮಾಮಾ?”

ಲೀಲಾ ಕನ್ನಡಕ ಒರೆಸಿಕೊಂಡು, ಏಳೂ ಸಾಲುಗಳನ್ನು ನಿಧಾನವಾಗಿ ಓದಿ, ಮುಂದಿನ ಪುಟಕ್ಕೆ ಹೋದಳು.