ಎಲ್ಲರಿಗೂ ಅದೇ ನೂಡಲ್ಸ್

ಕೊರಿಯಾದ ಡೇಜಾನ್ ನಗರದಲ್ಲಿ ನೂಡಲ್ಸ್ ಅಂಗಡಿ ನಡೆಸುವ ಮುನ್ ಗಾಪ್‌ಸುನ್‌ಳ ನೆನಪಿನ ಶಕ್ತಿಗೆ ಸೇನಾಪತಿಗಳೂ ನಡುಗುತ್ತಾರೆಂದು ಪ್ರತೀತಿ. ಹತ್ತು ವರ್ಷದ ಹಿಂದೆ ಯಾರು, ಯಾರ ಜೊತೆ, ಏನು ತಿಂದರೆಂದು ಹೇಳಿ ಆಕೆ ಎರಡು ಮದುವೆ ಮುರಿದಿದ್ದಳು, ಒಂದನ್ನು ಉಳಿಸಿದ್ದಳು.

ಎದುರಿನ ಸಂಶೋಧನಾಲಯದ ನೈತಿಕ ಸಮಿತಿಯಲ್ಲಿ ವಿಜ್ಞಾನಿಯಲ್ಲದವರೊಬ್ಬರು ಇರಬೇಕೆಂಬ ನಿಯಮದಿಂದ ಆಕೆಗೊಂದು ಕುರ್ಚಿ ಸಿಕ್ಕಿತು. ಒಂದು ದಿನ ಸಮಿತಿಯ ಮುಂದೆ ಬಂದದ್ದು ಮನುಷ್ಯ ಭ್ರೂಣದ ತದ್ರೂಪು ಮಾಡಿ ಅದರಿಂದ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ತೆಗೆಯುವ ಯೋಜನೆ. ಬೇಕಾದ ಅಂಡಾಣುಗಳನ್ನು ಪ್ರಯೋಗಾಲಯದ ಆರು ಮಂದಿ ಕಿರಿಯ ಸಂಶೋಧಕ ಹುಡುಗಿಯರೇ ಕೊಡುವವರಿದ್ದರು.

"ಎಲ್ಲರೂ ಸ್ವಂತ ಇಷ್ಟದಿಂದ ಸಹಿ ಹಾಕಿದ್ದಾರೆ," ಎಂದರು ಪ್ರಯೋಗಾಲಯದ ನಿರ್ದೇಶಕ ಪ್ಯೊ.

"ನಿಮ್ಮೆದುರಿಗೇನಾ ಸಾರ್?" ಎಂದಳು ಗಾಪ್‌ಸುನ್.

"ಹೌದು. ಒಬ್ಬಳೂ ಬೇಡ ಅನ್ನಲಿಲ್ಲ."

"ಎಲ್ಲಿ ಅಂತಾರೆ! ನನ್ನಂಗಡೀಲಿ ನೀವು ಕಪ್ಪು ಸಾಸಿನ ನೂಡಲ್ಸ್ ಅಂದ ಕೂಡ್ಲೇ ಎಲ್ಲರೂ 'ನಮಗೂ ಅದೇ' ಅಂತಾರೆ. ಈ ಆರರಲ್ಲಿ ಒಬ್ಬಳು, ಆ ಸೆರಾನ್‌ಗೆ ಅದು ತಿಂದ್ರೆ ಮೈತುಂಬಾ ದದ್ದು. ಆದ್ರೂ ತಿಂತಾಳೆ."

ಸಮಿತಿ ನಿರ್ದೇಶಕರನ್ನು ಹೊರಗೆ ಕೂರಿಸಿ ಹುಡುಗಿಯರನ್ನು ಒಬ್ಬೊಬ್ಬಳಾಗಿ ಕೇಳಿತು. ಐವರು ಸಹಿ ಹಿಂತೆಗೆದುಕೊಂಡರು, ಸೆರಾನ್ ಮೊದಲನೆಯವಳು. ಯೋಜನೆ ನಿಂತಿತು.

ಸಮಿತಿಯ ಅಧ್ಯಕ್ಷರು ಎದ್ದು ನಿಂತು ತಲೆಬಾಗಿದರು. "ನೀತಿಶಾಸ್ತ್ರ ಎಲ್ಲಿ ಓದಿದ್ರಿ ಅಮ್ಮಾ?"

"ಎಲ್ಲೂ ಇಲ್ಲ ಸಾರ್. ನಿರ್ದೇಶಕರು ಹುಡುಗಿಯರ ಜೊತೆ ಊಟಕ್ಕೆ ಬಂದ ದಿನ ನನಗೆ ಒಂದೇ ಬಾಣಲೆ ತೊಳೆಯೋದಿರುತ್ತೆ."