ಪುಟ್ಟಲಕ್ಷ್ಮಕ್ಕನ ಟಾರ್ಕ್ ರೆಂಚು

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ನೀರೆತ್ತುವ ಡೀಸೆಲ್ ಎಂಜಿನ್ ಜೋಡಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಫಿಟ್ಟರ್ ಆಗಿದ್ದೆ. ಎಪ್ಪತ್ತೆರಡರಲ್ಲಿ ಅಲ್ಲಿಯ ಟೂಲ್ ಸ್ಟೋರಿಗೆ ಪುಟ್ಟಲಕ್ಷ್ಮಿ ಎನ್ನುವವರು ಬಂದರು. ಮೂವತ್ತೈದರ ಆಸುಪಾಸು, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ನೂಲಿನ ಸೀರೆ. ಮನೆ ವಿಜಯನಗರದಲ್ಲಿ. ಗಂಡ ಶ್ಯಾಮಸುಂದರ ಗಿರಣಿಯಲ್ಲಿದ್ದವರು, ಎದೆಯ ಕಾಯಿಲೆ ಹಿಡಿದು ಮನೆ ಸೇರಿದ್ದರು. ಇಬ್ಬರು ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು. ಸಂಸಾರವೆಲ್ಲ ಈಕೆಯ ಸಂಬಳದ ಮೇಲೆ ನಿಂತಿತ್ತು, ಕೆಲಸವೋ ಟೆಂಪರರಿ. ಯಾವತ್ತು ಬೇಕಾದರೂ ನಾಳೆಯಿಂದ ಬರಬೇಡಿ ಅನ್ನಬಹುದಾಗಿತ್ತು.

ಅದೇ ವರ್ಷ ಮಾಲೀಕರಾದ ರೇವಣಸಿದ್ದಪ್ಪನವರು ಒಂದು ಟಾರ್ಕ್ ರೆಂಚ್ ತರಿಸಿದರು. ಮೊಳದುದ್ದಕ್ಕಿಂತ ಸ್ವಲ್ಪ ಹೆಚ್ಚಿನ, ಫಳಫಳ ಹೊಳೆಯುವ ಸಾಮಾನು. ಎಷ್ಟು ಬಲ ಬೇಕೋ ಅಷ್ಟಕ್ಕೆ ಹಿಡಿಯನ್ನು ತಿರುಗಿಸಿ ಇಟ್ಟುಕೊಂಡರೆ, ಬೋಲ್ಟ್ ಅಷ್ಟು ಬಿಗಿಯಾದ ಕೂಡಲೇ ಒಳಗಿನಿಂದ ಟಕ್ ಎನ್ನುತ್ತದೆ. ಅಲ್ಲಿಗೆ ಕೈ ಬಿಡಬೇಕು. ಎಂಜಿನ್ನಿನ ತಲೆಯ ಬೋಲ್ಟುಗಳೆಲ್ಲ ಒಂದೇ ಸಮ ಬಿಗಿಯಾಗದಿದ್ದರೆ ಸೋರುತ್ತದೆ ಎಂದು ಡೀಲರುಗಳು ತಕರಾರು ತೆಗೆದಿದ್ದರು. ಫೋರ್‌ಮನ್ ಮುನಿರಾಮಯ್ಯನವರಿಗೆ ಇದು ಅವಮಾನ. "ಮೂವತ್ತು ವರ್ಷದಿಂದ ಈ ಕೈ ಬೋಲ್ಟ್ ಹಾಕ್ತಾ ಇದೆ, ಈ ತಗಡು ನನಗೆ ಹೇಳ್ಕೊಡುತ್ತಾ" ಎಂದು ಅದನ್ನು ಮುಟ್ಟಲೂ ಇಲ್ಲ. ನಾವೂ ಹಿಂದಿನಿಂದ ಕಿಸಕಿಸ ನಕ್ಕೆವು.

ನಗದೇ ಇದ್ದವರು ಪುಟ್ಟಲಕ್ಷ್ಮಕ್ಕ ಒಬ್ಬರೇ. ರೆಂಚಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಅವರು ಮನೆಗೆ ಒಯ್ದು, ಮಗಳ ಡಿಕ್ಷನರಿ ಇಟ್ಟುಕೊಂಡು ಒಂದು ವಾರ ಓದಿದರು. ಆಮೇಲೆ ರೆಂಚಿನ ಮರದ ಪೆಟ್ಟಿಗೆಯ ಮುಚ್ಚಳದ ಒಳಗೆ ದುಂಡಗಿನ ಕನ್ನಡದಲ್ಲಿ ಬರೆದು ಅಂಟಿಸಿದರು. ಬೋಲ್ಟ್ ಬಿಚ್ಚಲು ಇದನ್ನು ಬಳಸಕೂಡದು. ಕೈ ಹಿಡಿಯ ನಡುವಿನ ಗೀರಿನ ಮೇಲೇ ಇರಬೇಕು. ಕೆಳಗೆ ಬಿದ್ದರೆ ಮುಚ್ಚಿಡದೆ ಹೇಳಬೇಕು. ಸೀಮೆಎಣ್ಣೆಯಲ್ಲಿ ಅದ್ದಕೂಡದು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: ಕೆಲಸ ಮುಗಿದ ಮೇಲೆ ಹಿಡಿಯನ್ನು ಅತಿ ಕಡಿಮೆ ಅಂಕಿಗೆ ಇಳಿಸಿಯೇ ವಾಪಸ್ ಕೊಡಬೇಕು, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಪೆಟ್ಟಿಗೆಯೊಳಗೆ ಮಗಳ ಹಳೆಯ ಬಿಳಿ ಫ್ಲಾನಲ್ ಲಂಗವನ್ನು ಕತ್ತರಿಸಿ ಹಾಸಿಗೆ ಮಾಡಿದ್ದರು. ಕೂಸನ್ನು ಮಲಗಿಸಿದ ಹಾಗೆ ರೆಂಚನ್ನು ಅದರಲ್ಲಿ ಮಲಗಿಸುತ್ತಿದ್ದರು.

ನಮಗೆಲ್ಲ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆಗಳಿದ್ದವು. ಬಿಲ್ಲೆ ಕೊಟ್ಟರೆ ಸಾಮಾನು, ಸಾಮಾನು ಕೊಟ್ಟರೆ ಬಿಲ್ಲೆ. ಅಲ್ಲಿಯ ತನಕ ಬಿಲ್ಲೆ ಆ ಸಾಮಾನಿನ ಜಾಗದ ಮೊಳೆಯಲ್ಲಿ ನೇತಾಡುತ್ತಿತ್ತು. ಸಂಜೆ ರೆಂಚ್ ವಾಪಸ್ ಬಂದಾಗ ಪುಟ್ಟಲಕ್ಷ್ಮಕ್ಕ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಅಂಕಿ ಇಳಿಸಿದೆಯೇ ಎಂದು ನೋಡುತ್ತಿದ್ದರು. ಇಳಿಸಿರದಿದ್ದರೆ ಕೊಟ್ಟವನನ್ನು ಗೇಟಿನಿಂದ ವಾಪಸ್ ಕರೆಸುತ್ತಿದ್ದರು. ಬಸ್ ತಪ್ಪಿತು ಎಂದು ಎಷ್ಟು ಜನ ಅವರಿಗೆ ಹಿಡಿಶಾಪ ಹಾಕಿಲ್ಲ. ನನ್ನೊಬ್ಬನ ವಿಷಯದಲ್ಲಿ ಮಾತ್ರ ಕನ್ನಡಕ ಡಬ್ಬಿಯಲ್ಲೇ ಇರುತ್ತಿತ್ತು. "ಇಳಿಸಿದೀನಿ ಅಕ್ಕಾ" ಎಂದರೆ ಸಾಕು, "ಆಯ್ತು ಕಿಟ್ಟಿ" ಎಂದು ಸೀದಾ ಪೆಟ್ಟಿಗೆಗೆ ಇಡುತ್ತಿದ್ದರು. ಆ ಮರ್ಯಾದೆಗೆ ನಾನು ಒಳಗೊಳಗೇ ಬೀಗುತ್ತಿದ್ದೆ.

ಎಪ್ಪತ್ತೈದರ ಆಯುಧಪೂಜೆ. ಮೂರು ವರ್ಷವಾಯಿತು, ದೀಪಾವಳಿಗೆ ಪುಟ್ಟಲಕ್ಷ್ಮಿಯನ್ನು ಕಾಯಂ ಮಾಡುತ್ತೇನೆ ಎಂದು ಮಾಲೀಕರು ಆಗಲೇ ಹೇಳಿಯಾಗಿತ್ತು. ಪೂಜೆಯ ಹಿಂದಿನ ದಿನ ಬೆಳಿಗ್ಗೆ, ಹೆಣ್ಣುಮಗಳು ಹೂವು ಹಣ್ಣು ಆರಿಸಿ ತರಲಿ ಎಂದು ಅವರನ್ನು ಮಾರ್ಕೆಟ್ಟಿಗೆ ಕಳಿಸಿದರು. ಇತ್ತ ನಾವು ಸಾಮಾನು ತೊಳೆಯಲು ಕೂತೆವು. ಅರ್ಧ ಡ್ರಮ್ ಸೀಮೆಎಣ್ಣೆ, ಅದರಲ್ಲಿ ಸ್ಪ್ಯಾನರು, ಸುತ್ತಿಗೆ, ಉಳಿ ಎಲ್ಲ ಒಟ್ಟಿಗೆ ಮುಳುಗಿದವು. ಸ್ಟೋರಿನ ಬಾಗಿಲು ತೆರೆದಿತ್ತು. ದೇವರ ಫೋಟೋದ ಮುಂದೆ ಎಲ್ಲಕ್ಕಿಂತ ಮೊದಲು ಇಡಬೇಕಾದದ್ದು ಟಾರ್ಕ್ ರೆಂಚ್ ಅಲ್ಲವೇ, ಅದು ಮಂಕಾಗಿ ಕೂತರೆ ಹೇಗೆ ಎಂದು ನನಗೆ ಅನಿಸಿತು. ಅಭ್ಯಾಸಬಲದಿಂದ ನನ್ನ ಹದಿನಾಲ್ಕನೇ ನಂಬರಿನ ಬಿಲ್ಲೆಯನ್ನು ಮೊಳೆಗೆ ಹಾಕಿ, ರೆಂಚನ್ನು ತಂದು ಡ್ರಮ್ಮಿಗೆ ಬಿಟ್ಟೆ. ಮುಚ್ಚಳದ ಸಾಲು ನೆನಪಿರಲಿಲ್ಲವೆಂದಲ್ಲ. ಒಂದು ದಿನಕ್ಕೆ ಏನಾಗುತ್ತೆ ಎಂದುಕೊಂಡೆ. ಊಟ ಮುಗಿಸಿ ಬಂದು ತೆಗೆದು, ಒರೆಸಿ, ಅರಿಶಿನ ಕುಂಕುಮ ಹಚ್ಚಿದೆ. ಕನ್ನಡಿಯಂತೆ ಹೊಳೆಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಬಂದ ಪುಟ್ಟಲಕ್ಷ್ಮಕ್ಕ ಮೊಳೆಯ ಮೇಲಿನ ಬಿಲ್ಲೆ ನೋಡಿ ನನ್ನನ್ನು ಕರೆದರು.

"ಕಿಟ್ಟಿ, ರೆಂಚನ್ನ ಸೀಮೆಎಣ್ಣೆಗೇನಾದ್ರೂ ಹಾಕಿದ್ಯಾ?"

ಸುತ್ತ ಜನ ಇದ್ದರು. "ಇಲ್ಲ ಅಕ್ಕಾ, ಬರೀ ಬಟ್ಟೆಲಿ ಒರೆಸಿದ್ದು" ಎಂದುಬಿಟ್ಟೆ.

"ಸರಿ" ಎಂದು ಬಿಲ್ಲೆ ತೆಗೆದು ನನ್ನ ಕೈಗಿಟ್ಟರು.

ವಿಜಯದಶಮಿ ಕಳೆದು ಕೆಲಸ ಶುರುವಾಯಿತು. ಹುಬ್ಬಳ್ಳಿಯ ಡೀಲರಿಗೆ ಹದಿನಾರು ಎಂಜಿನ್ ತುರ್ತಾಗಿ ಹೋಗಬೇಕಿತ್ತು. ಅಷ್ಟೂ ಎಂಜಿನ್ನುಗಳ ತಲೆಯ ಬೋಲ್ಟುಗಳನ್ನು ಅದೇ ರೆಂಚಿನಲ್ಲಿ ಬಿಗಿದೆವು. ತೋಳಿಗೆ ಎಂದಿಗಿಂತ ಭಾರ ಎನಿಸುತ್ತಿತ್ತು, ಹಬ್ಬದ ಊಟದ ಜಡ ಎಂದುಕೊಂಡೆ. ಹತ್ತನೆಯ ದಿನ ಬೆಳಿಗ್ಗೆ ಲಾರಿ ಅಂಗಳದಲ್ಲಿ ಎಂಜಿನ್ ತುಂಬಿಕೊಂಡು ನಿಂತಾಗ, ಪುಟ್ಟಲಕ್ಷ್ಮಕ್ಕ ಪೆಟ್ಟಿಗೆಯ ಫ್ಲಾನಲ್ ಬಟ್ಟೆಯನ್ನು ಕೈಯಲ್ಲಿ ಹಿಡಿದು ಮಾಲೀಕರ ರೂಮಿಗೆ ಹೋದರು. ನಾನು ಬಾಗಿಲ ಬಳಿಯೇ ಇದ್ದೆ. ಬಿಳಿ ಬಟ್ಟೆಯ ಮೇಲೆ ಅಂಗೈ ಅಗಲದ ಹಳದಿ ಕಲೆ.

"ಸಾರ್, ಇದು ಸೀಮೆಎಣ್ಣೆ, ಮೂಸಿ ನೋಡಿ. ರೆಂಚಿನ ಒಳಗಿಂದ ಜಿನುಗಿರೋದು. ಒಳಗಿರೋ ಗ್ರೀಸೆಲ್ಲ ತೊಳೆದು ಹೋಗಿದೆ ಅಂತ ಕಾಣುತ್ತೆ. ಹಂಗಾದ್ರೆ ಅಂಕಿ ಹತ್ತಕ್ಕಿಟ್ರೂ ಅದು ಹತ್ತಕ್ಕೆ ಟಕ್ ಅನ್ನಲ್ಲ, ತಡವಾಗಿ ಅನ್ನುತ್ತೆ. ಬೋಲ್ಟೆಲ್ಲ ಜಾಸ್ತಿ ಬಿಗಿಯಾಗಿರುತ್ತೆ. ಲಾರಿ ಕಳಿಸ್ಬೇಡಿ."

ಒಳಗೆ ಕೂತಿದ್ದ ಮುನಿರಾಮಯ್ಯನವರು ನಕ್ಕರು. "ಬಿಗಿ ಜಾಸ್ತಿಯಾದ್ರೆ ಒಳ್ಳೇದೇ ಅಲ್ವೇನಮ್ಮಾ?"

"ಜಾಸ್ತಿ ಬಿಗಿದ್ರೆ ಬೋಲ್ಟ್ ಎಳ್ಕೊಂಡು ಉದ್ದ ಆಗುತ್ತೆ ಸಾರ್. ಇವತ್ತು ಚೆನ್ನಾಗೇ ಇರುತ್ತೆ, ನಾಲ್ಕು ತಿಂಗಳು ಬಿಟ್ಟು ಹೊಲದಲ್ಲಿ ಕಿತ್ಕೊಳ್ಳುತ್ತೆ."

ದಾವಣಗೆರೆ ಕಡೆಯವರಾದ ರೇವಣಸಿದ್ದಪ್ಪನವರು ಬಟ್ಟೆಯನ್ನೂ ಲಾರಿಯನ್ನೂ ಒಮ್ಮೆ ನೋಡಿದರು. "ಕಲೆ ನೋಡಿ ಲಾರಿ ನಿಲ್ಸು ಅಂತೀಯಲ್ಲವ್ವಾ. ಹೆಂಗ ತೋರಿಸ್ತಿ?"

"ತೂಗಿ ತೋರಿಸ್ತೀನಿ ಸಾರ್. ಎರಡು ಗಂಟೆವರೆಗೂ ಟೈಮ್ ಕೊಡಿ."

"ಎರಡರ ತನಕ ನಿಲ್ಲಸ್ತೀನಿ. ರೆಂಚು ಸರಿ ಐತಿ ಅಂತಾದ್ರ ಮಾತ್ರ ಆ ಕಾಯಂ ಕಾಗದ ಮರ್ತುಬಿಡು. ನಾಳಿಂದ ಬರೂದೂ ಬ್ಯಾಡ."

ಹೆದರಿಕೆ ಅವರ ಮುಖದಲ್ಲಿ ಕಂಡಿತು, ಇಲ್ಲವೆನ್ನಲಾರೆ. ಆದರೂ "ಆಗ್ಲಿ ಸಾರ್" ಎಂದರು. ಗುಜರಿ ತೂಗಲು ನಮ್ಮಲ್ಲೇ ಕಲ್ಲುಗಳಿದ್ದವು. ಅವು ಬೇಡ, ಅದರ ಮೇಲೆ ಸರ್ಕಾರದ ಮುದ್ರೆ ಇಲ್ಲ ಎಂದರು. ತಮ್ಮ ಮನೆಯ ಬಳಿ ಶಿವಬಸಪ್ಪನವರ ಅಕ್ಕಿ ಅಂಗಡಿ ಇದೆ, ಅಲ್ಲಿಂದ ಮುದ್ರೆ ಇರುವ ಕಲ್ಲು ತರುತ್ತೇನೆ ಎಂದು ಹೊರಟರು. "ಹೊರೋಕೆ ಒಬ್ರು ಬೇಕು. ಕಿಟ್ಟಿ ಬರ್ಲಿ."

ಬಸ್ಸಿನಲ್ಲಿ ವಿಜಯನಗರಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಆ ಮಾತೆತ್ತಲಿಲ್ಲ. ಎತ್ತಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಶಿವಬಸಪ್ಪನವರು ಮೂಟೆ ತೂಗುವ ಇಪ್ಪತ್ತು ಕಿಲೋ ಕಲ್ಲನ್ನು ಕೊಡಲು ಗೊಣಗಿದರು. "ಸಂಜೆ ಒಳಗೆ ತಂದ್ಕೊಡಿ ತಾಯಿ, ಇಲ್ದಿದ್ರೆ ವ್ಯಾಪಾರ ನಿಲ್ಲುತ್ತೆ." ಎರಡು ಕಿಲೋದ ಎರಡು ಕಲ್ಲು ಮತ್ತು ಒಂದು ಕಿಲೋದ ಒಂದನ್ನು ಅಕ್ಕ ತಮ್ಮ ಚೀಲಕ್ಕೆ ಹಾಕಿಕೊಂಡರು. ಕಲ್ಲು ಅನ್ನುವುದು ಬಾಯಿಮಾತಿಗೆ, ಎಲ್ಲ ಅಪ್ಪಟ ಕಬ್ಬಿಣ. ಇಪ್ಪತ್ತು ಕಿಲೋದ್ದನ್ನು ಗೋಣಿಯಲ್ಲಿ ಕಟ್ಟಿ ಹೆಗಲಿಗೆ ಏರಿಸಿಕೊಂಡು ನಾನು ಬಸ್ಸಿನಲ್ಲಿ ನಿಂತೇ ಬಂದೆ. ನನ್ನ ಸುಳ್ಳಿನ ಸಾಕ್ಷಿಯನ್ನು ನಾನೇ ಹೊತ್ತು ತರುತ್ತಿದ್ದೆ, ಹೆಗಲಿನ ಚರ್ಮ ಸುಲಿಯುತ್ತಿತ್ತು. ಕಲ್ಲನ್ನು ಬಸ್ಸಿನಿಂದ ಆಚೆ ಎಸೆದುಬಿಡೋಣವೇ ಎಂದೂ ಒಂದು ಸಲ ಅನಿಸಿತು, ಅಷ್ಟು ಹೇಡಿ ನಾನು.

ಕಾರ್ಖಾನೆಯಲ್ಲಿ ಪುಟ್ಟಲಕ್ಷ್ಮಕ್ಕ ರೆಂಚಿನ ಚೌಕ ಮೂತಿಯನ್ನು ಮೇಜಿನ ವೈಸಿನ ದವಡೆಗೆ ಕಚ್ಚಿಸಿ, ಹಿಡಿ ನೆಲಕ್ಕೆ ಸಮಾನಾಂತರವಾಗಿ ಚಾಚುವಂತೆ ಮಾಡಿದರು. ಮೂತಿಯಿಂದ ಹಿಡಿಯ ಗೀರಿನ ತನಕ ಅಳೆದರೆ ಸರಿಯಾಗಿ ಅರ್ಧ ಮೀಟರ್. "ಅರ್ಧ ಮೀಟರಿಗೆ ಇಪ್ಪತ್ತು ಕಿಲೋ ನೇತು ಹಾಕಿದ್ರೆ ಹತ್ತರ ಬಲ ಬೀಳುತ್ತೆ ಸಾರ್. ರೆಂಚನ್ನ ಹತ್ತಕ್ಕಿಟ್ಟಿದೀನಿ. ಸರಿ ಇದ್ರೆ ಟಕ್ ಅನ್ಬೇಕು." ಮಾಲೀಕರು, ಫೋರ್‌ಮನ್, ಲಾರಿ ಡ್ರೈವರ್ ಸಹಿತ ಎಲ್ಲರೂ ಸುತ್ತ ನಿಂತರು. ಅಕ್ಕ ನನ್ನ ಕಡೆ ತಿರುಗಿ, "ನೀನೇ ಹಾಕು ಕಿಟ್ಟಿ. ನಿಧಾನಕ್ಕೆ" ಎಂದರು.

ಗೀರಿನ ಮೇಲೆ ಹಗ್ಗ ಕೂರಿಸಿ, ಕಲ್ಲನ್ನು ಮೆಲ್ಲಗೆ ಬಿಟ್ಟೆ. ಸದ್ದಿಲ್ಲ.

"ರೆಂಚಿಗೂ ತೂಕ ಇದೆಯಲ್ಲಮ್ಮಾ, ಅದನ್ನ ಲೆಕ್ಕಕ್ಕೆ ತಗೊಂಡ್ರಾ?" ಎಂದರು ಮುನಿರಾಮಯ್ಯನವರು.

"ತಗೊಂಡ್ರೆ ಇಪ್ಪತ್ತಕ್ಕೆ ಮುಂಚೆನೇ ಟಕ್ ಅನ್ಬೇಕಿತ್ತು ಸಾರ್."

ಫೋರ್‌ಮನ್ ವೈಸಿನ ಹತ್ತಿರ ಬಗ್ಗಿ ನಿಂತರು. ಒಂದು ಕಿಲೋ ಸೇರಿಸಿದೆ, ಇಲ್ಲ. ಅದನ್ನು ತೆಗೆದು ಎರಡು ಹಾಕಿದೆ, ಇಲ್ಲ. ಮೂರಕ್ಕೂ ಇಲ್ಲ. ಇಪ್ಪತ್ತನಾಲ್ಕಾದಾಗ ಟಕ್ ಎಂದಿತು. ಹತ್ತು ಎಂದು ನಂಬಿ ನಾವು ಹನ್ನೆರಡರ ಬಲದಲ್ಲಿ ಬಿಗಿದಿದ್ದೆವು, ಹದಿನಾರು ಎಂಜಿನ್ನುಗಳ ಪ್ರತಿಯೊಂದು ಬೋಲ್ಟನ್ನೂ.

ರೇವಣಸಿದ್ದಪ್ಪನವರ ಮುಖ ಕೆಂಪಾಯಿತು. "ಎಲ್ಲಾ ಇಳಸ್ರಿ ಲಾರಿಯಿಂದ" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಯಾರು ಮಾಡಿದ್ದಿದು?"

ಅವರು ನನ್ನ ಕಡೆ ನೋಡಲಿಲ್ಲ. "ಸ್ಟೋರ್ ನಂದು ಸಾರ್. ಬೀಗ ಹಾಕ್ದೆ ಹೂ ತರೋಕೆ ಹೋದೋಳು ನಾನು. ಬರೀ ಒರೆಸಿದ್ದು ಅಂದ ಮಾತನ್ನ ನಂಬಿ, ತೂಗಿ ನೋಡ್ದೆ ಸಾಮಾನು ಕೊಟ್ಟೋಳೂ ನಾನೇ. ತಪ್ಪು ನಂದು."

"ಹಂಗಾದ್ರ ಕಾಯಂ ಮಾತು ಮುಂದಿನ ವರ್ಷ ನೋಡೋಣು" ಎಂದು ಮಾಲೀಕರು ರೂಮಿನ ಕಡೆ ನಡೆದರು.

ಪುಟ್ಟಲಕ್ಷ್ಮಕ್ಕ ತಲೆ ತಗ್ಗಿಸಿ ಹಗ್ಗ ಬಿಚ್ಚತೊಡಗಿದರು. ಅವರು ನನ್ನನ್ನು ಕಾಪಾಡಲು ಹಾಗೆ ಹೇಳಿದ್ದಲ್ಲ, ಅದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ನನ್ನ ಮಾತನ್ನು ನಂಬಿದ್ದೇ ತಮ್ಮ ತಪ್ಪು ಎಂದು ಅವರು ನಿಜವಾಗಿಯೂ ಅಂದುಕೊಂಡಿದ್ದರು. ಬೈದಿದ್ದರೆ, ಎಲ್ಲರ ಮುಂದೆ ಕಪಾಳಕ್ಕೆ ಹೊಡೆದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮಾಲೀಕರ ಹಿಂದೆ ಓಡಿ ಹೋಗಿ ನಿಂತೆ.

"ಅದ್ದಿದ್ದು ನಾನು ಸಾರ್. ಅಕ್ಕ ಕೇಳಿದ್ರು, ಇಲ್ಲ ಅಂತ ಸುಳ್ಳು ಹೇಳ್ದೆ. ಅವರ ಕಾಗದ ನಿಲ್ಲಿಸ್ಬೇಡಿ."

ನಾಲ್ಕು ದಿನ ನನ್ನನ್ನು ಮನೆಗೆ ಕಳಿಸಿದರು. ವಾಪಸ್ ಬಂದ ಮೇಲೆ, ಪಕ್ಕದ ಕಾರ್ಖಾನೆಯಿಂದ ಕಡ ತಂದ ರೆಂಚಿನಲ್ಲಿ, ಹದಿನಾರು ಎಂಜಿನ್ನಿನ ಬೋಲ್ಟುಗಳನ್ನೂ ಬಿಚ್ಚಿ ಹೊಸದು ಹಾಕುವ ಕೆಲಸ ನನ್ನೊಬ್ಬನದೇ ಆಯಿತು. ಬಿಚ್ಚಿದ ಬೋಲ್ಟುಗಳನ್ನು ಹೊಸದರ ಪಕ್ಕ ನಿಲ್ಲಿಸಿದಾಗ ಕೆಲವು ಕೂದಲೆಳೆಯಷ್ಟು ಹೆಚ್ಚು ಉದ್ದವಾಗಿದ್ದವು. ಮುನಿರಾಮಯ್ಯನವರು ಅವನ್ನು ಒಂದೊಂದಾಗಿ ಎತ್ತಿ, ಹೊಸದರ ಜೊತೆ ಹಿಡಿದು ನೋಡಿದರು. ದೀಪಾವಳಿಗೆ ಪುಟ್ಟಲಕ್ಷ್ಮಕ್ಕನ ಕಾಯಂ ಕಾಗದ ಬಂತು. ನಮ್ಮ ರೆಂಚನ್ನು ಬಿಚ್ಚಿಸಿ, ಗ್ರೀಸ್ ಹಾಕಿಸಿ, ಸರಿಮಾಡಿಸಿ ತಂದ ಮೇಲೆ ಮಾಲೀಕರು ಸ್ಟೋರಿಗೆಂದೇ ಮುದ್ರೆಯ ಕಲ್ಲುಗಳನ್ನು ಕೊಡಿಸಿದರು. ಪ್ರತಿ ಸೋಮವಾರ ತೂಗದೆ ರೆಂಚ್ ಹೊರಗೆ ಬರುತ್ತಿರಲಿಲ್ಲ.

ಅಕ್ಕ ನನ್ನೊಡನೆ ಮುನಿಸಿಕೊಳ್ಳಲಿಲ್ಲ. ಮಕ್ಕಳ ಪರೀಕ್ಷೆ, ಗಂಡನ ಕೆಮ್ಮು, ನಲ್ಲಿ ನೀರು, ಎಲ್ಲ ಮೊದಲಿನ ಹಾಗೇ ಮಾತಾಡುತ್ತಿದ್ದರು. ಆದರೆ ಸಂಜೆ ನಾನು ರೆಂಚ್ ಕೊಟ್ಟು "ಇಳಿಸಿದೀನಿ ಅಕ್ಕಾ" ಎಂದರೆ, ಡಬ್ಬಿ ತೆರೆದು, ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಲ್ಲರಿಗೂ ಮಾಡುವಂತೆಯೇ. ಆ ಡಬ್ಬಿ ತೆರೆಯುವ ಸದ್ದನ್ನು ನಾನು ಒಂದು ದಿನವೂ ತಪ್ಪದೆ ಕೇಳಿದೆ. ಆ ಸದ್ದನ್ನು ಒಂದಲ್ಲ ಒಂದು ದಿನ ನಿಲ್ಲಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಒಂದೇ ಒಂದು ಸಲವೂ ಇಳಿಸದೆ ಕೊಡಲಿಲ್ಲ. ಎಪ್ಪತ್ತೇಳರಲ್ಲಿ ಒಮ್ಮೆ ರೆಂಚ್ ನನ್ನ ಕೈ ಜಾರಿ ಬಿತ್ತು. ಯಾರೂ ನೋಡಿರಲಿಲ್ಲ. ಆ ಕ್ಷಣವೇ ಹೋಗಿ ಹೇಳಿದೆ. ಅವರು ತೂಗಿ ನೋಡಿದರು, ಸರಿಯಾಗಿಯೇ ಇತ್ತು, ಬಿಲ್ಲೆ ವಾಪಸ್ ಕೊಟ್ಟರು.

ಎಪ್ಪತ್ತೊಂಬತ್ತರ ಆಯುಧಪೂಜೆಯ ಹಿಂದಿನ ದಿನ. ಆ ವರ್ಷವೂ ಹೂವು ತರಲು ಅವರನ್ನೇ ಕರೆದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ನಾನು ರೆಂಚ್ ವಾಪಸ್ ಕೊಡಲು ಹೋದೆ.

"ಇಳಿಸಿದೀನಿ ಅಕ್ಕಾ."

ಕನ್ನಡಕದ ಡಬ್ಬಿ ಮೇಜಿನ ಮೇಲೇ ಇತ್ತು. ಅವರು ಅದರ ಕಡೆ ಕೈ ಚಾಚಲಿಲ್ಲ. "ಆಯ್ತು ಕಿಟ್ಟಿ" ಎಂದು ರೆಂಚನ್ನು ಸೀದಾ ಫ್ಲಾನಲ್ ಮೇಲೆ ಮಲಗಿಸಿ, ಮುಚ್ಚಳ ಹಾಕಿದರು. ಆಮೇಲೆ ಸ್ಟೋರಿಗೆ ಬೀಗ ಜಡಿದು, ಬೀಗದ ಕೈಯನ್ನು ನನಗೆ ಕೊಟ್ಟು ಮಾರ್ಕೆಟ್ಟಿಗೆ ಹೋದರು.